ಗೆದ್ದವಳ ಹಾಡು ಯಾರದ್ದು?

2008ರ ಕ್ರಿಸ್ಮಸ್ ವಾರ. ಬ್ರಿಟನ್ನಿನ ಹಾಡುಗಳ ಮಾರಾಟ ಪಟ್ಟಿ ಕೈಗೆತ್ತಿಕೊಂಡವರು ಅಚ್ಚಿನ ತಪ್ಪು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಮೊದಲ ಸ್ಥಾನದಲ್ಲಿ 'ಹಲ್ಲೆಲೂಯ'. ಎರಡನೇ ಸ್ಥಾನದಲ್ಲೂ 'ಹಲ್ಲೆಲೂಯ'. ಕೆಳಗಿಳಿಯುತ್ತಾ ಹೋದರೆ 36ರಲ್ಲಿ ಮತ್ತೆ ಅದೇ ಹಾಡು.

ಮೂರೂ ಕಡೆ ಹಾಡು ಒಂದೇ, ದನಿ ಮಾತ್ರ ಬೇರೆ ಬೇರೆ. ಮೊದಲನೆಯದು ಅಲೆಕ್ಸಾಂಡ್ರಾ ಬರ್ಕ್ ಅವರದ್ದು. ಆಕೆ ಅದೇ ಡಿಸೆಂಬರ್ 13ರಂದು 'ಎಕ್ಸ್ ಫ್ಯಾಕ್ಟರ್' ಎಂಬ ಟಿವಿ ಸ್ಪರ್ಧೆ ಗೆದ್ದಿದ್ದರು. ಎರಡನೆಯದು 1997ರಲ್ಲೇ ತೀರಿಕೊಂಡಿದ್ದ ಜೆಫ್ ಬಕ್ಲಿ ಅವರದ್ದು. 36ನೇ ಸ್ಥಾನದಲ್ಲಿದ್ದದ್ದು ಹಾಡನ್ನು ಬರೆದ, ಆಗ 74 ವರ್ಷದ ಲೆನರ್ಡ್ ಕೊಹೆನ್ ಅವರದ್ದು. ಒಂದೇ ಹಾಡು ಮೊದಲ ಎರಡೂ ಸ್ಥಾನ ಹಿಡಿದದ್ದು ಬ್ರಿಟನ್ನಿನಲ್ಲಿ 51 ವರ್ಷಗಳಲ್ಲಿ ಅದೇ ಮೊದಲು.

ಇದು ತಾನಾಗಿಯೇ ಆದದ್ದಲ್ಲ. ಟಿವಿ ಗೆಲುವಿಗಾಗಿ ಒಳ್ಳೆಯ ಹಾಡೊಂದನ್ನು ಕೆಡಿಸಿದರು ಅಂತ ಸಿಟ್ಟಾದವರು ಬಕ್ಲಿ ಹಾಡಿದ್ದನ್ನೇ ಕೊಳ್ಳಿ ಅಂತ ಪ್ರಚಾರ ಮಾಡಿದ್ದರು. ಅದು ಅರ್ಧ ಗೆದ್ದಿತು, ಅರ್ಧ ಸೋತಿತು.

ಇಷ್ಟು ವರ್ಷವಾದರೂ ಇಂಥ ಸುದ್ದಿ ಬಂದಾಗಲೆಲ್ಲ ಜನರಿಗೆ ಅದೇ ಗೊಂದಲ. ಹಳೇ ಹಾಡನ್ನು ಹೊಸಬರು ಹಾಡಿ ಹಿಟ್ ಮಾಡಿದರೆ ಹಾಡು ಯಾರದ್ದು? ದುಡ್ಡು ಯಾರಿಗೆ? ಟೇಲರ್ ಸ್ವಿಫ್ಟ್ ತಮ್ಮದೇ ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಿ, 2025ರ ಮೇನಲ್ಲಿ ಹಳೇ ರೆಕಾರ್ಡಿಂಗ್‌ಗಳನ್ನೂ ಖರೀದಿಸಿದ ಸುದ್ದಿ ಓದಿದವರಿಗೆ ತಲೆ ಇನ್ನಷ್ಟು ಕೆಟ್ಟಿತು. ತನ್ನದೇ ಹಾಡನ್ನು ತಾನೇ ಕೊಳ್ಳುವುದು ಅಂದರೇನು?

ಹೊಲ ಒಬ್ಬರದು, ಬೆಳೆ ಇನ್ನೊಬ್ಬರದು

ನಾವು ಸುಮ್ನೆ 'ಹಾಡು' ಅಂದುಬಿಡುತ್ತೇವೆ. ಕಾನೂನಿನ ಕಣ್ಣಿಗೆ ಅಲ್ಲಿ ಎರಡು ಆಸ್ತಿ ಇವೆ. ಸಾಹಿತ್ಯ ಮತ್ತು ರಾಗ ಒಂದು. ಅದನ್ನು ಯಾರೋ ಒಬ್ಬರು ಸ್ಟುಡಿಯೋದಲ್ಲಿ ಹಾಡಿದ ರೆಕಾರ್ಡಿಂಗ್ ಇನ್ನೊಂದು. ಮೊದಲನೆಯದರ ಹಕ್ಕು ಬರೆದವರದ್ದು, ಅಥವಾ ಅವರಿಂದ ಕೊಂಡ ಪಬ್ಲಿಷರ್‌ದು. ಎರಡನೆಯದು ಹೆಚ್ಚಾಗಿ ಖರ್ಚು ಹಾಕಿ ರೆಕಾರ್ಡ್ ಮಾಡಿಸಿದ ಕಂಪನಿಯದ್ದು.

ಹೊಲ ಮತ್ತು ಬೆಳೆ ಅಂದುಕೊಳ್ಳಿ. ಹೊಲ ಯಾರೇ ಉಳಲಿ, ಹೊಲದ ಯಜಮಾನನಿಗೆ ಪಾಲು ಹೋಗಲೇಬೇಕು. ಬರ್ಕ್ ಹಾಡಿದರೂ ಬಕ್ಲಿ ಹಾಡಿದ್ದು ಮಾರಿದರೂ ಗೀತರಚನೆಯ ಪಾಲು ಒಂದೇ ಕಡೆಗೆ ಹರಿಯುತ್ತದೆ. ಪ್ರತಿಭಟನೆ ಅಂತ ಬಕ್ಲಿಯನ್ನು ಕೊಂಡವರೂ ಆ ಹೊಲಕ್ಕೇ ನೀರು ಬಿಟ್ಟರು.

ಸ್ವಿಫ್ಟ್ ಲೆಕ್ಕವೂ ಇದೇ. ಆಕೆ ತನ್ನ ಹಾಡುಗಳನ್ನು ಬರೆದವರೂ ಹೌದು. ಹೊಲ ಕೈಯಲ್ಲಿತ್ತು, ಹಳೇ ಬೆಳೆ ಮಾತ್ರ ಕಂಪನಿಯ ಪಾಲಾಗಿತ್ತು. ಅದಕ್ಕೇ ಅದೇ ಹೊಲದಲ್ಲಿ ಮತ್ತೊಮ್ಮೆ ಬೆಳೆ ತೆಗೆಯಲು ಸಾಧ್ಯವಾಯಿತು.

ಬ್ರಿಟನ್ನಿನಲ್ಲಿ ಸಿಡಿ ಮಾರಾಟಕ್ಕೆ ಈ ಪಾಲು ಎಷ್ಟು ಅನ್ನುವುದಕ್ಕೆ ಒಂದು ಪ್ರಮಾಣಿತ ದರವಿದೆ. ಅಂಗಡಿಗೆ ಕೊಡುವ ಬೆಲೆಯ ಶೇ 8.5. ಅಂದರೆ ಕಂಪನಿ ಅಂಗಡಿಗೆ ನೂರಕ್ಕೆ ಕೊಟ್ಟರೆ ಎಂಟೂವರೆ ಗೀತರಚನೆಯ ಪಾಲು. ಇದು ಮೊದಲ ಪ್ರತಿಯಿಂದಲೇ ಶುರುವಾಗುತ್ತದೆ. ಹಾಡಿದವರ ಕಥೆ ಹಾಗಲ್ಲ. ಅವರಿಗೆ ಕಂಪನಿ ಮುಂಗಡ ಕೊಟ್ಟಿರುತ್ತದೆ, ರೆಕಾರ್ಡಿಂಗಿಗೆ ಖರ್ಚು ಮಾಡಿರುತ್ತದೆ. ಅವರ ರಾಯಲ್ಟಿಯಲ್ಲಿ ಮೊದಲು ಅದು ತೀರಬೇಕು. ಆಮೇಲೆ ಉಳಿದರೆ ಕೈಗೆ. ಟಿವಿಯಲ್ಲಿ ಕಣ್ಣೀರಿಡುತ್ತಾ ಹಾಡಿದ ಹುಡುಗಿಯದ್ದು ಸಾಲಿನಲ್ಲಿ ಕೊನೆಯ ಸ್ಥಾನ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ಯಾರು ಗೆಲ್ಲುತ್ತಾರೋ ಗೊತ್ತಿಲ್ಲ, ಹಾಡು ಮಾತ್ರ ರೆಡಿ

ಅಷ್ಟು ದೊಡ್ಡ ಶೋ, ಗೆದ್ದವರಿಗೆ ಒಂದು ಹೊಸ ಹಾಡು ಬರೆಸಬಾರದಾ? ತುಂಬಾ ಜನ ಕೇಳುವ ಪ್ರಶ್ನೆ ಇದು. ಉತ್ತರ ಇರುವುದು ಕ್ಯಾಲೆಂಡರಿನಲ್ಲಿ.

ಫೈನಲ್ ನಡೆಯುವುದು ವಾರಾಂತ್ಯದ ರಾತ್ರಿ. ಫಲಿತಾಂಶ ಬಂದ ಕೂಡಲೇ ಗೆದ್ದವರು ಆ ಹಾಡನ್ನು ಹಾಡಬೇಕು. ತಲೆ ಮೇಲೆ ಬಣ್ಣದ ಕಾಗದದ ಚೂರು ಸುರಿಯುತ್ತಿರುತ್ತದೆ, ಅಪ್ಪ ಅಮ್ಮ ಅಳುತ್ತಿರುತ್ತಾರೆ. ಅದು ಮುಗಿಯುವಷ್ಟರಲ್ಲಿ ಹಾಡು ಮಾರಾಟಕ್ಕೆ ಇರಬೇಕು. 2006ರಲ್ಲಿ ಲಿಯೋನಾ ಲೂಯಿಸ್ ಎಕ್ಸ್ ಫ್ಯಾಕ್ಟರ್ ಗೆದ್ದಾಗ 'ಎ ಮೊಮೆಂಟ್ ಲೈಕ್ ದಿಸ್' ಅರ್ಧ ಗಂಟೆಯಲ್ಲಿ 50 ಸಾವಿರ ಡೌನ್‌ಲೋಡ್ ಆಯಿತು. ಮೊದಲ ವಾರದ ಮಾರಾಟ ಸುಮಾರು 5.71 ಲಕ್ಷ. ಬರ್ಕ್ ಹಾಡಿದ 'ಹಲ್ಲೆಲೂಯ' ಮೊದಲ ದಿನವೇ ಒಂದು ಲಕ್ಷ ದಾಟಿ, ವಾರದಲ್ಲಿ 5.76 ಲಕ್ಷ ಮುಟ್ಟಿತು. ಜನರ ಬಿಸಿ ಆರುವ ಮೊದಲೇ ಕೈಗೆ ಹಾಡು ಕೊಟ್ಟಿದ್ದರಿಂದ ಬಂದ ಅಂಕಿಗಳಿವು.

ಹೀಗಾಗಬೇಕಾದರೆ ಫೈನಲ್‌ಗೆ ಬಂದವರೆಲ್ಲ ಅದೇ ಹಾಡನ್ನು ಮೊದಲೇ ರೆಕಾರ್ಡ್ ಮಾಡಿರಬೇಕು. ಲಿಯೋನಾ ಹಾಡಿದ್ದನ್ನೇ ಎರಡನೇ ಸ್ಥಾನ ಪಡೆದ ರೇ ಕ್ವಿನ್ ಕೂಡ ಹಾಡಿದ್ದರು. 'ಹಲ್ಲೆಲೂಯ'ವನ್ನು ರನ್ನರ್ ಅಪ್ ಆದ ಜೆಎಲ್ಎಸ್ ತಂಡವೂ ಹಾಡಿತ್ತು. ಗೆದ್ದವರದ್ದು ಅಂಗಡಿಗೆ, ಸೋತವರದ್ದು ಪೆಟ್ಟಿಗೆಗೆ.

ಈಗ ಹಾಡು ಆರಿಸುವವರ ಜಾಗದಲ್ಲಿ ನಿಂತು ನೋಡಿ. ಹಾಡು ಹುಡುಗನಿಗೂ ಒಗ್ಗಬೇಕು, ಹುಡುಗಿಗೂ ಒಗ್ಗಬೇಕು, ನಾಲ್ಕು ಜನರ ತಂಡಕ್ಕೂ ಒಗ್ಗಬೇಕು. ಶ್ರುತಿ ಏರಿಸಿ ಇಳಿಸಿದರೂ ಕೆಡಬಾರದು. ಮೆಲ್ಲಗೆ ಶುರುವಾಗಿ ಕೊನೆಗೆ ಎತ್ತರಕ್ಕೆ ಹೋಗಬೇಕು. ಕಷ್ಟಪಟ್ಟು ಮೇಲೆ ಬಂದೆ ಅನ್ನುವ ಅರ್ಥ ಬಂದರೆ ಇನ್ನೂ ಒಳ್ಳೆಯದು. ಒಬ್ಬರ ದನಿಗೆ, ಒಬ್ಬರ ಬದುಕಿಗೆ ಅಂತ ಹೊಲಿದ ಅಂಗಿ ಇಲ್ಲಿ ನಡೆಯಲ್ಲ. ಎಲ್ಲರ ಮೈಗೂ ಆಗುವ ಅಂಗಿ ಬೇಕು. ಅದಕ್ಕೆ ಬ್ಯಾಲಡ್, ಅಂದರೆ ನಿಧಾನಗತಿಯ ಭಾವಗೀತೆಯಂಥ ಪಾಪ್ ಹಾಡು, ಹೇಳಿ ಮಾಡಿಸಿದ್ದು. ಅದರಲ್ಲೂ ಒಮ್ಮೆ ಪಾಸಾದ ಹಾಡಾದರೆ ಅಪಾಯ ಇನ್ನೂ ಕಡಿಮೆ. ಸಾಮಾನ್ಯವಾಗಿ ಹೊಸ ಹಾಡು ಕಿವಿಗೆ ಹತ್ತಲು ನಾಲ್ಕು ವಾರ ಬೇಕು. ಈ ಮಾರಾಟಕ್ಕೆ ಇರುವುದು ನಾಲ್ಕೇ ದಿನ.

'ಎ ಮೊಮೆಂಟ್ ಲೈಕ್ ದಿಸ್' ಹುಟ್ಟಿದ್ದೇ ಹೀಗೆ. 2002ರಲ್ಲಿ 'ಅಮೆರಿಕನ್ ಐಡಲ್' ಮೊದಲ ಸೀಸನ್ ಗೆದ್ದ ಕೆಲ್ಲಿ ಕ್ಲಾರ್ಕ್‌ಸನ್‌ಗಾಗಿ ಅದು ತಯಾರಾಗಿತ್ತು. ಅಮೆರಿಕದ ಪಟ್ಟಿಯಲ್ಲಿ ಒಂದೇ ವಾರದಲ್ಲಿ 52ರಿಂದ ಮೊದಲ ಸ್ಥಾನಕ್ಕೆ ಜಿಗಿಯಿತು. ನಾಲ್ಕು ವರ್ಷ ಬಿಟ್ಟು ಅದೇ ಹಾಡನ್ನು ಇನ್ನೊಂದು ದೇಶದ ವಿಜೇತೆಗೆ ತೊಡಿಸಿದರು. ಅದನ್ನು ಬರೆದ ಇಬ್ಬರಲ್ಲಿ ಒಬ್ಬರು ಸ್ವೀಡನ್ನಿನ ಯೊರ್ಗನ್ ಎಲೋಫ್‌ಸನ್. ಇವರ ಹೆಸರು ಇನ್ನೊಂದು ಕಡೆಯೂ ಬರುತ್ತದೆ. 2002ರಲ್ಲೇ ಬ್ರಿಟನ್ನಿನ 'ಪಾಪ್ ಐಡಲ್' ಗೆದ್ದ ವಿಲ್ ಯಂಗ್ ಹಾಡಿದ 'ಎವರ್‌ಗ್ರೀನ್' ಕೂಡ ಇವರು ಸೇರಿ ಬರೆದದ್ದು. ಅದು ಕೆಲವೇ ತಿಂಗಳ ಹಿಂದೆ ವೆಸ್ಟ್‌ಲೈಫ್ ತಂಡದ ಆಲ್ಬಮ್ಮಿನಲ್ಲಿ ಬಂದಿದ್ದ ಹಾಡು. ಯಂಗ್ ದನಿಯಲ್ಲಿ ಮೊದಲ ವಾರವೇ 11 ಲಕ್ಷ ದಾಟಿತು. ಮೂರು ಬೇರೆ ಬೇರೆ ಸ್ಪರ್ಧೆ, ಮೂವರು ವಿಜೇತರು. ಮೂರರಲ್ಲೂ ಪಾಲು ಪಡೆದ ಈ ಮನುಷ್ಯ ಒಂದು ಸಲವೂ ವೇದಿಕೆ ಹತ್ತಬೇಕಾಗಿ ಬರಲಿಲ್ಲ.

ಏಳು ನಿಮಿಷದ ಹಾಡು ಮೂರೂವರೆಯಾದಾಗ

ಹಾಗಾದರೆ ಅಭಿಮಾನಿಗಳ ಸಿಟ್ಟು ಬರೀ ಹೊಟ್ಟೆಕಿಚ್ಚಾ? ಅಲ್ಲ. 'ಹಲ್ಲೆಲೂಯ'ವನ್ನು ಹತ್ತಿರದಿಂದ ನೋಡಿದರೆ ಅವರ ಮಾತಲ್ಲೂ ಹುರುಳಿದೆ.

ಕೊಹೆನ್ ಇದಕ್ಕಾಗಿ ಹತ್ತಾರು ಚರಣ ಬರೆದು ಹೊಡೆದು ಹಾಕಿದ್ದರು. 1984ರಲ್ಲಿ ಆಲ್ಬಂ ಸಿದ್ಧವಾದಾಗ ಅವರ ಅಮೆರಿಕದ ಕಂಪನಿ ಅದನ್ನು ಬಿಡುಗಡೆ ಮಾಡಲು ಒಪ್ಪಲೇ ಇಲ್ಲ. ಅಲ್ಲಿ ಅದನ್ನು ಹೊರತಂದದ್ದು ಬೇರೊಂದು ಸಣ್ಣ ಸಂಸ್ಥೆ. 1991ರಲ್ಲಿ ಜಾನ್ ಕೇಲ್ ಅದನ್ನು ಪಿಯಾನೋ ಜೊತೆ ಹಾಡಿದರು. ಅದನ್ನು ಕೇಳಿ ಬಕ್ಲಿ 1994ರಲ್ಲಿ ಗಿಟಾರ್ ಜೊತೆ ಹಾಡಿದರು. ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಿ ರೆಕಾರ್ಡ್ ಮಾಡಿದರೆ ಅದಕ್ಕೆ 'ಕವರ್' ಅನ್ನುತ್ತಾರೆ. ಅಂದರೆ ಬಕ್ಲಿಯದ್ದೂ 'ಮೂಲ' ಅಲ್ಲ, ಕವರ್‌ನ ಕವರ್! 'ಮೂಲವನ್ನು ಉಳಿಸಿ' ಅಂತ ಹೋರಾಡಿದವರಲ್ಲಿ ಎಷ್ಟು ಜನರಿಗೆ ಇದು ಗೊತ್ತಿತ್ತೋ.

ಆದರೂ ಬಕ್ಲಿ ಹಾಡನ್ನು ಆತುರಪಡಿಸಲಿಲ್ಲ. ಅವರದ್ದು ಹತ್ತಿರ ಹತ್ತಿರ ಏಳು ನಿಮಿಷ. ಮೊದಲ ಚರಣದಲ್ಲೇ ಒಂದು ಚಂದದ ಕುಸುರಿ ಇದೆ. ಸಂಗೀತದ ಯಾವ ಸ್ವರಮೇಳ ಬರುತ್ತಿದೆ ಅನ್ನುವುದನ್ನು ಸಾಲು ತಾನೇ ಹೇಳುತ್ತಾ ಹೋಗುತ್ತದೆ. ನಾಲ್ಕನೆಯದು ಅನ್ನುವಾಗ ನಾಲ್ಕನೆಯದೇ ಕೇಳಿಸುತ್ತದೆ, ಐದನೆಯದು ಅನ್ನುವಾಗ ಐದನೆಯದು. ಮುಂದಿನ ಚರಣಗಳಲ್ಲಿ ದೇವರು, ಕಾಮ, ಸೋಲು ಎಲ್ಲ ಒಂದರೊಳಗೊಂದು ಕಲಸಿಕೊಳ್ಳುತ್ತವೆ. ಅಲ್ಲಿ 'ಹಲ್ಲೆಲೂಯ' ಅನ್ನುವುದು ಜಯಘೋಷವಲ್ಲ. ಮುರಿದುಹೋದವನ ಬಾಯಲ್ಲಿ ಬಂದ ದೇವರ ಸ್ತುತಿ.

ಟಿವಿ ಆವೃತ್ತಿ ಸುಮಾರು ಮೂರೂವರೆ ನಿಮಿಷ. ಚರಣಗಳು ಕಡಿಮೆಯಾದವು, ಹಿಂದೆ ಕೋರಸ್ ಬಂತು, ಕೊನೆ ಆಕಾಶಕ್ಕೇರಿತು. ಸೋಲಿನ ಹಾಡು ಗೆಲುವಿನ ಹಾಡಾಯಿತು. ಬರ್ಕ್ ಕೆಟ್ಟದಾಗಿ ಹಾಡಿದರು ಅನ್ನಲು ಬಾಯಿ ಬರಲ್ಲ, ಆಕೆಯ ದನಿಗೆ ತಾಕತ್ತಿದೆ. ಕೆಟ್ಟದ್ದು ಸಂದರ್ಭ. ಸತ್ತ ಮನೆಯಲ್ಲಿ ಹಾಡುವ ಪದವನ್ನು ಮದುವೆ ಮನೆಯಲ್ಲಿ ಹಾಡಿದ ಹಾಗೆ.

ಇದಕ್ಕೆ ಎದುರು ವಾದವೂ ಇದೆ. ಟಿವಿ ಇಲ್ಲದಿದ್ದರೆ ಕೊಹೆನ್ ಅವರದ್ದು 24 ವರ್ಷದ ಬಳಿಕ ಪಟ್ಟಿಯ 36ನೇ ಸ್ಥಾನಕ್ಕೆ ಬರುತ್ತಿತ್ತಾ? ಅದೇ ವರ್ಷದ ಮಾರ್ಚಿನಲ್ಲಿ 'ಅಮೆರಿಕನ್ ಐಡಲ್' ಸ್ಪರ್ಧಿಯೊಬ್ಬ ಅದನ್ನು ಹಾಡಿದ್ದಕ್ಕೇ ಬಕ್ಲಿಯದ್ದು ಅಮೆರಿಕದ ಡೌನ್‌ಲೋಡ್ ಪಟ್ಟಿಯ ತುದಿಗೇರಿತ್ತು. ಕವರ್ ಕೇಳಿದವರು ಹುಡುಕಿಕೊಂಡು ಹಿಂದಕ್ಕೆ ಹೋಗುತ್ತಾರೆ. ಎಲ್ಲರೂ ಅಲ್ಲ, ಆದರೆ ಸಾಕಷ್ಟು ಜನ.

ಕೊಹೆನ್ ಏನಂದರು? ಮರುವರ್ಷ ಒಂದು ಸಂದರ್ಶನದಲ್ಲಿ ಅವರು ನಕ್ಕರು. ಯಾವ ಹಾಡನ್ನು ಕಂಪನಿ ಬೇಡ ಅಂದಿತ್ತೋ ಅದೇ ಗೆದ್ದಿದ್ದಕ್ಕೆ ಸಣ್ಣ ಸೇಡಿನ ಖುಷಿ ಆಯಿತು ಅನ್ನುವ ಅರ್ಥದ ಮಾತಾಡಿದರು. ಜೊತೆಗೆ, ಸ್ವಲ್ಪ ಜಾಸ್ತಿ ಜನ ಇದನ್ನು ಹಾಡುತ್ತಿದ್ದಾರೆ ಅಂತಲೂ ಸೇರಿಸಿದರು. ಎರಡು ಬಣದವರಿಗೂ ಅರ್ಧರ್ಧ ಮಾರ್ಕು ಕೊಟ್ಟ ಹಾಗಾಯಿತು.

ಸಿಟ್ಟಿಗೂ ಅಂಗಡಿ ಒಂದೇ

ಮರುವರ್ಷ ಸಿಟ್ಟು ಹದವಾಗಿ ಕಾದಿತ್ತು. 2005ರಿಂದ 2008ರವರೆಗೆ ನಾಲ್ಕು ವರ್ಷ ಬ್ರಿಟನ್ನಿನ ಕ್ರಿಸ್ಮಸ್ ನಂಬರ್ ಒನ್ ಎಕ್ಸ್ ಫ್ಯಾಕ್ಟರ್ ವಿಜೇತರದ್ದೇ. 2009ರಲ್ಲಿ ಗೆದ್ದ ಜೋ ಮೆಕ್‌ಎಲ್ಡರಿಗೆ ಕೊಟ್ಟದ್ದು ಮೈಲಿ ಸೈರಸ್ ಅದೇ ವರ್ಷ ಹಾಡಿದ್ದ 'ದ ಕ್ಲೈಂಬ್'. ಅದಕ್ಕೆ ಎದುರಾಗಿ ದಂಪತಿಯೊಬ್ಬರು ಫೇಸ್‌ಬುಕ್‌ನಲ್ಲಿ ಒಂದು ಗುಂಪು ಕಟ್ಟಿದರು. 'ರೇಜ್ ಅಗೇನ್‌ಸ್ಟ್ ದ ಮಷೀನ್' ತಂಡದ 1992ರ ಅಬ್ಬರದ, ಬೈಗುಳ ತುಂಬಿದ ಹಾಡೊಂದನ್ನು ಎಲ್ಲರೂ ಕೊಳ್ಳಿ ಅಂದರು. ಕೊಂಡರು. ಸುಮಾರು 5.02 ಲಕ್ಷ ಪ್ರತಿ. ಮೆಕ್‌ಎಲ್ಡರಿಯದ್ದು ಸುಮಾರು 4.5 ಲಕ್ಷ.

ಪತ್ರಿಕೆಗಳು ಇದನ್ನು ಜನಶಕ್ತಿಯ ಗೆಲುವು ಅಂದವು. ಆದರೆ ಆ ತಂಡದ ಹಾಡೂ ಸೋನಿ ಸಂಸ್ಥೆಯದ್ದು. ಎಕ್ಸ್ ಫ್ಯಾಕ್ಟರ್ ಹುಟ್ಟುಹಾಕಿದ ಸೈಮನ್ ಕೋವೆಲ್ ಅವರ ಸೈಕೋ ಎಂಬ ರೆಕಾರ್ಡ್ ಕಂಪನಿ ಹೊರತಂದ ಮೆಕ್‌ಎಲ್ಡರಿ ಹಾಡೂ ಸೋನಿಯ ಮನೆಯದ್ದೇ. ಯಾರು ಗೆದ್ದರೂ ಗಲ್ಲಾಪೆಟ್ಟಿಗೆ ಒಂದೇ.

2010ರಲ್ಲಿ ಮತ್ತೊಂದು ತಮಾಷೆ. ಬಿಫಿ ಕ್ಲೈರೋ ಎಂಬ ಸ್ಕಾಟ್ಲೆಂಡ್ ತಂಡದ 'ಮೆನಿ ಆಫ್ ಹಾರರ್' ಹಾಡನ್ನು ಮ್ಯಾಟ್ ಕಾರ್ಡಲ್‌ಗೆ ಕೊಟ್ಟರು. ಕ್ರಿಸ್ಮಸ್ ದಿನ 'ಹಾರರ್' ಅಂತ ಹೆಸರಿಟ್ಟು ಮಾರುವುದು ಹೇಗೆ? 'ವೆನ್ ವಿ ಕೊಲೈಡ್' ಅಂತ ನಾಮಕರಣ ಬದಲಾಯಿತು. ಅಭಿಮಾನಿಗಳು ರೊಚ್ಚಿಗೆದ್ದು ಮೂಲವನ್ನು ಎಂಟನೇ ಸ್ಥಾನಕ್ಕೆ ತಂದರು. ಕಾರ್ಡಲ್ ಮೊದಲ ಸ್ಥಾನದಲ್ಲೇ ಉಳಿದರು. ಎರಡೂ ಕಡೆಯ ಮಾರಾಟದಲ್ಲಿ ಬಿಫಿಯ ಗೀತರಚನೆಗೆ ಪಾಲಿತ್ತು.

ಸಿಟ್ಟು ತಪ್ಪು ವಿಳಾಸಕ್ಕೆ ಹೋಯಿತು ಅನ್ನುವುದು ಇದಕ್ಕೇ. ಈ ವ್ಯವಸ್ಥೆಯಲ್ಲಿ ಹಾಡಿಗೆ, ಬರೆದವರಿಗೆ, ಕಂಪನಿಗೆ ಧಕ್ಕೆಯೇನೂ ಇರಲಿಲ್ಲ. ಬದಲಾಯಿಸಬಹುದಾದ ಬಿಡಿಭಾಗ ಅಂತ ಇದ್ದದ್ದು ಗೆದ್ದ ಹಾಡುಗಾರ. 2007ರ ವಿಜೇತ ಲಿಯಾನ್ ಜಾಕ್ಸನ್ ಅವರ ಸಿಂಗಲ್, ಅಂದರೆ ಬಿಡಿಯಾಗಿ ಮಾರಾಟಕ್ಕೆ ಬಿಟ್ಟ ಹಾಡು, ಕ್ರಿಸ್ಮಸ್ ನಂಬರ್ ಒನ್ ಆಗಿತ್ತು. 2009ರಲ್ಲಿ ಕಂಪನಿಯ ಜೊತೆಗಿನ ಒಪ್ಪಂದವೇ ಮುಗಿದಿತ್ತು. ಮೆಕ್‌ಎಲ್ಡರಿಯದ್ದು 2011ರಲ್ಲಿ. ಲಿಯೋನಾ ಉಳಿದುಕೊಂಡರು ನಿಜ. ಆದರೆ ಅವರನ್ನು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಒಯ್ದದ್ದು ಗೆದ್ದ ರಾತ್ರಿಯ ಹಾಡಲ್ಲ, ಮರುವರ್ಷ ಅವರಿಗಾಗಿ ಹುಡುಕಿ ತಂದ 'ಬ್ಲೀಡಿಂಗ್ ಲವ್'. ಎರವಲು ಹಾಡಿನಿಂದ ಜನ ಹಾಡನ್ನು ನೆನಪಿಟ್ಟುಕೊಳ್ಳುತ್ತಾರೆ, ಹಾಡಿದವರನ್ನಲ್ಲ.

ಎಣಿಸುವ ರೀತಿ ಬದಲಾಯಿತು

ಈ ಪದ್ಧತಿ ಕೊನೆಗೆ ಸೊರಗಿದ್ದು ಪ್ರತಿಭಟನೆಯಿಂದಲ್ಲ. ಮಾರಾಟ ಎಣಿಸುವ ನಿಯಮದಿಂದ.

2007ರ ಜನವರಿವರೆಗೆ ಬ್ರಿಟನ್ನಿನ ಪಟ್ಟಿಗೆ ಬರಬೇಕಾದರೆ ಹಾಡು ಅಂಗಡಿಯಲ್ಲಿ ಸಿಡಿಯಾಗಿಯೂ ಸಿಗಬೇಕಿತ್ತು. ಆ ಷರತ್ತು ತೆಗೆದ ಮೇಲೆ ಯಾವ ಕಾಲದ ಹಾಡೂ ಬರೀ ಡೌನ್‌ಲೋಡ್ ಮೇಲೆ ಪಟ್ಟಿಗೆ ಬರಬಹುದಾಯಿತು. ಬಕ್ಲಿ ಎರಡಕ್ಕೆ ಬಂದದ್ದು, 1992ರ ಹಾಡು 2009ರಲ್ಲಿ ಗೆದ್ದದ್ದು ಈ ಬಾಗಿಲಿನಿಂದ.

ಎರಡನೇ ಪೆಟ್ಟು 2014ರ ಜುಲೈನದ್ದು. ಆಗಿನಿಂದ ಸ್ಟ್ರೀಮಿಂಗ್ ಕೂಡ ಲೆಕ್ಕಕ್ಕೆ ಬಂತು. ಆಗ ನೂರು ಸಲ ಕೇಳಿದರೆ ಒಂದು ಪ್ರತಿ ಮಾರಿದ ಸಮ ಅಂತ ಲೆಕ್ಕವಿತ್ತು. ಇದರ ಪರಿಣಾಮ ಸ್ವಲ್ಪ ಯೋಚಿಸಿ. ಮೊದಲು ಫೈನಲ್ ರಾತ್ರಿಯ ಉದ್ವೇಗದಲ್ಲಿ ಒಮ್ಮೆ ಒತ್ತಿ ಕೊಂಡರೆ ಮುಗಿಯಿತು, ಆಮೇಲೆ ಕೇಳದಿದ್ದರೂ ಲೆಕ್ಕಕ್ಕೆ ಬರುತ್ತಿತ್ತು. ಈಗ ಅದೇ ಮನುಷ್ಯ ಮತ್ತೆ ಮತ್ತೆ ಕೇಳಬೇಕು. ಗೆದ್ದ ರಾತ್ರಿಯ ನೆನಪಿಗೆ ಅಂತ ಕೊಂಡ ಹಾಡನ್ನು ಯಾರು ನೂರು ಸಲ ಕೇಳುತ್ತಾರೆ?

ಉತ್ತರ ಪಟ್ಟಿಯಲ್ಲೇ ಸಿಕ್ಕಿತು. 2015ರಲ್ಲಿ ಲೂಯಿಸಾ ಜಾನ್ಸನ್ ಗೆದ್ದು ಬಾಬ್ ಡೈಲನ್ ಹಾಡೊಂದನ್ನು ಹಾಡಿದಾಗ ಅದು ಒಂಬತ್ತಕ್ಕೇ ನಿಂತಿತು. ಮರುವರ್ಷ ಮ್ಯಾಟ್ ಟೆರಿಗೆ ಎಡ್ ಶೀರನ್ ಮತ್ತು ಏಮಿ ವಾಡ್ಜ್ ಬರೆದ ಹೊಸ ಹಾಡು ಕೊಟ್ಟು ನೋಡಿದರು. 2017ರಲ್ಲಿ ರಾಕ್-ಸೂ ತಂಡ ತನ್ನದೇ ಹಾಡು ಹಾಡಿತು. 2021ರಲ್ಲಿ ವಾಹಿನಿ ಶೋವನ್ನೇ ನಿಲ್ಲಿಸಿತು.

ಅಷ್ಟರಲ್ಲಿ ಒಂದು ಅಪವಾದ ಮಾತ್ರ ಉಳಿದುಕೊಂಡಿತು. 2012ರ ವಿಜೇತ ಜೇಮ್ಸ್ ಆರ್ಥರ್ ಹಾಡಿದ 'ಇಂಪಾಸಿಬಲ್', 2010ರಲ್ಲಿ ಶಾಂಟೆಲ್ ಹಾಡಿದ್ದರ ಮರುರೂಪ. ಬ್ರಿಟನ್ನಿನಲ್ಲೇ ಹತ್ತು ಲಕ್ಷ ದಾಟಿತು. ಇಂದಿಗೂ ಆ ಹಾಡು ಅಂದರೆ ಎಷ್ಟೋ ಜನರಿಗೆ ಆರ್ಥರ್ ದನಿಯೇ ಕಿವಿಗೆ ಬರುತ್ತದೆ. ಅವರು ಹಾಡಿನ ಮೇಲೆ ಕಂಪನಿಗಿಂತ ಜಾಸ್ತಿ ತಮ್ಮ ಮುದ್ರೆ ಒತ್ತಿದ್ದರು.

ನಮ್ಮಲ್ಲಿ ಯಾಕೆ ಹೀಗಿಲ್ಲ?

ಒಂದು ಹಾಡಿಗೆ ಹತ್ತು ದನಿ ಅನ್ನುವುದು ಕನ್ನಡಿಗರಿಗೆ ಹೊಸದಲ್ಲ. ಪುರಂದರದಾಸರ ಪದವನ್ನು ಭೀಮಸೇನ ಜೋಶಿ ಹಾಡಿದರೂ ಪಕ್ಕದ ಮನೆಯ ಭಜನಾ ಮಂಡಳಿ ಹಾಡಿದರೂ ಅದು ದಾಸರದ್ದೇ. ಭಾವಗೀತೆಯಲ್ಲೂ ಕವಿಯ ಹೆಸರೇ ಮೊದಲು. ಕವರ್ ಅನ್ನುವ ಪದವೇ ಅಲ್ಲಿ ಬೇಡ. ಸಿನಿಮಾ ಹಾಡಿಗೆ ಬಂದಾಗ ಮಾತ್ರ ನಮಗೂ ದನಿಯೇ ಮುಖ್ಯವಾಗುತ್ತದೆ. ಡಾ. ರಾಜ್ ಹಾಡಿದ್ದನ್ನು ಬೇರೆಯವರು ಹಾಡಿದರೆ ಮೂಗು ಮುರಿಯುತ್ತೇವೆ, ಅಲ್ವಾ?

ನಮ್ಮ 'ಸರಿಗಮಪ'ದಂಥ ಶೋಗಳಲ್ಲಿ ವಾರವಾರವೂ ಹಾಡುವುದು ಹೆಚ್ಚಾಗಿ ಸಿನಿಮಾ ಹಾಡುಗಳನ್ನೇ. ಗೆದ್ದವರು ಎದುರು ನೋಡುವುದು ಸಿಂಗಲ್ ಅನ್ನಲ್ಲ, ಹಿನ್ನೆಲೆ ಗಾಯನದ ಅವಕಾಶವನ್ನು. 2005ರಲ್ಲಿ 'ಇಂಡಿಯನ್ ಐಡಲ್' ಗೆದ್ದ ಅಭಿಜೀತ್ ಸಾವಂತ್‌ಗೆ ಕೂಡಲೇ ಒಂದು ಆಲ್ಬಂ ಮಾಡಿಸಿದ್ದರು, ಹೊಸ ಹಾಡುಗಳದ್ದು. ಆ ದಾರಿ ಇಲ್ಲಿ ಹೆದ್ದಾರಿ ಆಗಲಿಲ್ಲ.

ಕಾನೂನಿನ ಕಾರಣವೂ ಇದೆ. 1980ರ ದಶಕದಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದು ಸಡಿಲ ಜಾಗವಿತ್ತು. ನೋಟಿಸ್ ಕೊಟ್ಟು ರಾಯಲ್ಟಿ ಕಟ್ಟಿದರೆ ಹಳೇ ಹಾಡನ್ನು ಹೊಸಬರಿಂದ ಹಾಡಿಸಿ ಮಾರಬಹುದಿತ್ತು. ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಅಗ್ಗದ ಕ್ಯಾಸೆಟ್ಟುಗಳಿಂದ ದೊಡ್ಡದಾದದ್ದು ಇದರ ಬಲದಿಂದಲೂ. ಸೋನು ನಿಗಮ್ ಮೊದಲು ಮನೆಮನೆ ತಲುಪಿದ್ದು ರಫಿ ಹಾಡುಗಳ ಅಂಥ ಕ್ಯಾಸೆಟ್ಟುಗಳಿಂದ.

2012ರ ತಿದ್ದುಪಡಿ ಈ ಬಾಗಿಲನ್ನು ಕಿರಿದು ಮಾಡಿತು. ಹೊಸ 31ಸಿ ಸೆಕ್ಷನ್ ಪ್ರಕಾರ ಕವರ್ ಮಾಡುವವರು ಮುಂಚಿತವಾಗಿ ನೋಟಿಸ್ ಕೊಡಬೇಕು, ರಾಯಲ್ಟಿ ಮೊದಲೇ ಕಟ್ಟಬೇಕು, ಅದೂ ವರ್ಷಕ್ಕೆ ಕನಿಷ್ಠ 50 ಸಾವಿರ ಪ್ರತಿಗಳ ಲೆಕ್ಕದಲ್ಲಿ. ಹೊದಿಕೆಯ ಮೇಲೆ ಇದು ಕವರ್ ಅಂತ ಬರೆದಿರಬೇಕು, ಮೂಲ ಗಾಯಕರ ಚಿತ್ರ ಹಾಕಿ ಯಾಮಾರಿಸುವಂತಿಲ್ಲ. ತಾಂತ್ರಿಕವಾಗಿ ಅನಿವಾರ್ಯವಾದದ್ದು ಬಿಟ್ಟು ಸಾಹಿತ್ಯ, ರಾಗ ಬದಲಿಸುವಂತಿಲ್ಲ. ಅದೇ ತಿದ್ದುಪಡಿ ಸಿನಿಮಾ ಹಾಡಿನ ಕವಿಗೂ ಸಂಗೀತ ನಿರ್ದೇಶಕರಿಗೂ, ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ, ರಾಯಲ್ಟಿಯ ಪಾಲನ್ನು ಬಿಟ್ಟುಕೊಡಲಾಗದ ಹಕ್ಕಾಗಿ ಮಾಡಿತು. ಒಂದೇ ಸಲ ಕೈಗೆ ದುಡ್ಡಿಟ್ಟು ಹೊಲ ಬರೆಸಿಕೊಳ್ಳುವ ಕಾಲಕ್ಕೆ ಅದು ಕಡಿವಾಣ.

ಎಲ್ಲಕ್ಕಿಂತ ದೊಡ್ಡ ಷರತ್ತು ಸಮಯದ್ದು. ಹಾಡು ಮೊದಲು ರೆಕಾರ್ಡ್ ಆದ ವರ್ಷ ಮುಗಿದು ಐದು ಪೂರ್ತಿ ವರ್ಷ ಕಳೆಯಬೇಕು. 'ಎವರ್‌ಗ್ರೀನ್', 'ದ ಕ್ಲೈಂಬ್', 'ವೆನ್ ವಿ ಕೊಲೈಡ್' ಯಾವುದೂ ಈ ಪರೀಕ್ಷೆ ಪಾಸಾಗುವುದಿಲ್ಲ, ಎಲ್ಲವೂ ವರ್ಷದೊಳಗೋ ಅದರ ಆಸುಪಾಸಿನಲ್ಲೋ ಬಂದ ಕವರ್‌ಗಳು. ಹಕ್ಕುದಾರರೇ ಮನಸ್ಸು ಮಾಡಿ ಒಪ್ಪಿಗೆ ಕೊಟ್ಟರೆ ಆ ಮಾತು ಬೇರೆ. ಇಲ್ಲವಾದರೆ 2025ರಲ್ಲಿ ಮೊದಲು ರೆಕಾರ್ಡ್ ಆದ ಹಾಡಿಗೆ ಈ ಬಾಗಿಲು ತೆರೆಯುವುದು 2031ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಈ ಸಲ ಕಪ್ ಎತ್ತಿದ ಹುಡುಗಿಯ ಹಿಂದೆ ಇನ್ನೂ ನಾಲ್ಕೈದು ಜನ ಕಪ್ ಎತ್ತಿ ಇಳಿದಿರುತ್ತಾರೆ.